ಹೂವಿಲ್ಲದೆ ಇಳಿದ ಹಸುಗಳು

ಬೊಪ್ಪಾರ್ಡ್, ರೈನ್ ನದಿಯ ದಂಡೆ
ಭಾನುವಾರ, ೧೪ ಸೆಪ್ಟೆಂಬರ್ ೧೯೫೮

ಪ್ರೀತಿಯ ಅಜ್ಜ,

ಈ ಕಾಗದವನ್ನು ಅಜ್ಜಿಗೆ ಪೂರ್ತಿ ಓದಿ ಹೇಳಬೇಕು, ಬೇಸರ ಬಂದ ಕಡೆ ಹಾರಿಸಬಾರದು. ಅವಳ ಕಣ್ಣಿಗೆ ಪೊರೆ ಬಂದಾಗಿನಿಂದ ನೀನು ಅವಳಿಗೆ ಪೇಪರನ್ನೂ ನಿನಗೆ ಬೇಕಾದಷ್ಟೇ ಓದುತ್ತೀಯ ಎಂಬ ದೂರು ನನ್ನ ಕಿವಿಗೆ ಬಿದ್ದಿದೆ.

ನಿನ್ನೆ ಬೆಳಿಗ್ಗೆ ಬಸ್ಸು ಕಾಲುವೆ ದಂಡೆಗೆ ಹೊರಳಿದಾಗ ಎಲ್ಲರಿಗಿಂತ ಮೊದಲು ನಾನೇ ನೋಡಿದೆ. ನಮ್ಮ ಗಾಳಿಗಿರಣಿಯ ಮೇಲಿನ ರೆಕ್ಕೆ ನೆತ್ತಿಗೆ ಇನ್ನೇನು ಬರಬೇಕು ಅನ್ನುವಾಗ ನಿಂತಿತ್ತು. ಪಕ್ಕದಲ್ಲಿ ಕೂತ ಕೋರಿ ರಾಟರ್‌ಡ್ಯಾಮಿನ ಹುಡುಗಿ, ಅವಳಿಗೆ ಗಾಳಿಗಿರಣಿ ಅಂದರೆ ಬಿಸ್ಕತ್ತಿನ ಡಬ್ಬಿಯ ಮೇಲಿನ ಚಿತ್ರ. ರೆಕ್ಕೆ ನೆತ್ತಿ ಮುಟ್ಟುವ ಮುಂಚೆ ನಿಂತಿದ್ದರೆ ಮನೆಯಲ್ಲಿ ಸಂತೋಷ, ನೆತ್ತಿ ದಾಟಿ ನಿಂತಿದ್ದರೆ ಸಾವು ಎಂದು ಹೇಳಿಕೊಟ್ಟೆ. “ಬೆಟ್ಟ ನೋಡೋಕೂ ದುಡ್ಡು ಕೊಟ್ಟು ಹೋಗ್ತಾರೇನೇ?” ಎಂದು ಮೂರು ವಾರ ಗೊಣಗಿದ ಮನುಷ್ಯ ನನಗೋಸ್ಕರ ಬೆಳಗಿನ ಐದಕ್ಕೆ ಎದ್ದು ರೆಕ್ಕೆ ನಿಲ್ಲಿಸಿದ್ದಾನೆ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಹೇಳಲು ಹೋಗಿದ್ದರೆ ಅತ್ತುಬಿಡುತ್ತಿದ್ದೆ.

ಬಸ್ಸಿನಲ್ಲಿ ಮೂವತ್ತೊಂದು ಜನ ಇದ್ದೇವೆ, ಎಲ್ಲರೂ ಚರ್ಚಿನ ಯುವಕ ಸಂಘದವರು. ನಮ್ಮನ್ನು ಕಾಯಲು ಬೋಸ್ಮಾ ಮೇಷ್ಟ್ರು ಇದ್ದಾರೆ. ನಿಂತ ಕಡೆಯೆಲ್ಲ ಸೀಟಿ ಊದಿ ತಲೆ ಎಣಿಸುತ್ತಾರೆ, ಪ್ರತಿ ಸಲವೂ ಒಂದು ಕಡಿಮೆ ಬರುತ್ತದೆ, ಆಮೇಲೆ ತಮ್ಮ ತಲೆ ನೆನಪಾಗುತ್ತದೆ. ಗಡಿ ದಾಟುವವರೆಗೆ ದೇವರ ಹಾಡು ಹಾಡಿದೆವು, ದಾಟಿದ ಮೇಲೆ ಬೇರೆ ಹಾಡು. ಡ್ರೈವರ್ ಟೋನ್ ನನ್ನ ಪೆಟ್ಟಿಗೆ ಎತ್ತುವಾಗ “ಒಳಗೇನಮ್ಮಾ, ಇಟ್ಟಿಗೆನಾ?” ಅಂದ. ಅಜ್ಜಿ ಕಟ್ಟಿಕೊಟ್ಟ ರೊಟ್ಟಿ ಎಂದೆ.

ಜರ್ಮನರ ಕೈಯಿಂದ ಒಂದು ಲೋಟ ಕಾಫಿಯನ್ನೂ ಮುಟ್ಟಬೇಡ ಎಂದು ನೀನು ಹೇಳಿ ಕಳಿಸಿದ್ದೆ. ಮುಟ್ಟಿದೆ ಅಜ್ಜ. ನಿನ್ನೆ ಮಳೆಯಲ್ಲಿ ನೆನೆದು ಬಂದಾಗ ಈ ಮನೆಯ ಮುದುಕಿ ಕೇಳದೆಯೇ ನನ್ನ ಬೂಟು ಬಿಚ್ಚಿ ಒಲೆಯ ಪಕ್ಕ ಇಟ್ಟಳು. ಅವಳ ಗೋಡೆಯ ಮೇಲೆ ಸಿಪಾಯಿ ಅಂಗಿ ತೊಟ್ಟ ಇಬ್ಬರು ಹುಡುಗರ ಫೋಟೋ ಇದೆ, ಎರಡಕ್ಕೂ ಕಪ್ಪು ಪಟ್ಟಿ. ಅದನ್ನು ನೋಡುತ್ತ ನಮ್ಮ ಮನೆಯಲ್ಲಿರುವ ಅಪ್ಪನ ಫೋಟೋ ನೆನೆಸಿಕೊಂಡೆ. ಕಾಫಿ ಕುಡಿದೆ. ಬೈಯುವುದಿದ್ದರೆ ಝಿಲ್ಲರ್ ಕಣಿವೆಯ ವಿಳಾಸಕ್ಕೆ ಬೈದು ಬರಿ. ನಾವು ತಂಗುವ ಕಡೆಗಳ ಪಟ್ಟಿ ಅಡುಗೆಮನೆಯ ಮೊಳೆಯಲ್ಲಿದೆ.

ನಿನ್ನ ಯಾನೆಕೆ


ಗಿರಣಿ
ಮಂಗಳವಾರ, ೧೬ ಸೆಪ್ಟೆಂಬರ್

ಯಾನೆಕೆ,

ಕಾಗದ ಬಂತು, ಪೂರ್ತಿ ಓದಿದೆ. ಕಾಫಿಯ ವಿಷಯ ಬಂದಾಗ ನಿನ್ನ ಅಜ್ಜಿ ನನ್ನ ಮುಖದ ಕಡೆ ತಿರುಗಿ ಕೂತಳು. ಕಣ್ಣು ಕಾಣದವರು ಹಾಗೆ ನೋಡಬಾರದು. 

ಊರಲ್ಲಿ ಹೊಸತೇನಿಲ್ಲ. ಡಿರ್ಕ್‌ನ ಮೇಕೆ ಮತ್ತೆ ಕಾಲುವೆಗೆ ಬಿತ್ತು, ಮತ್ತೆ ನಾನೇ ಎತ್ತಿದೆ. ಗಾಳಿ ಚೆನ್ನಾಗಿದೆ, ದಿನಕ್ಕೆ ಎಂಟು ಮೂಟೆ ಬೀಸುತ್ತಿದ್ದೇನೆ. ರೆಕ್ಕೆಯನ್ನು ನಾನು ನಿನಗೋಸ್ಕರ ನಿಲ್ಲಿಸಿದ್ದಲ್ಲ, ಗ್ರೀಸು ಹಾಕಲು ಎಲ್ಲೋ ಒಂದು ಕಡೆ ನಿಲ್ಲಿಸಬೇಕಿತ್ತು, ಅಲ್ಲಿ ನಿಂತಿತು.

ಈಗ ಇನ್ನೊಂದು ಮಾತು. ಅಟ್ಟದ ಮೊಳೆಗೆ ತೂಗುಹಾಕಿದ್ದ ಸಣ್ಣ ಮರದ ಮೆಟ್ಟಿನ ಜೋಡಿ ಕಾಣುತ್ತಿಲ್ಲ. ಇಲಿ ಎಳೆದುಕೊಂಡು ಹೋಗಿರಬೇಕು ಅನ್ನುತ್ತಾಳೆ ನಿನ್ನ ಅಜ್ಜಿ. ಮೆಟ್ಟು ಹಾಕಿಕೊಳ್ಳುವ ಇಲಿಯನ್ನು ನಾನು ಈ ಎಪ್ಪತ್ತೊಂದು ವರ್ಷದಲ್ಲಿ ನೋಡಿಲ್ಲ. ಪಟ್ಟಿಯ ಪ್ರಕಾರ ನೀವು ಆ ಕಣಿವೆಯಲ್ಲಿ ಮೂರು ರಾತ್ರಿ ಇರುತ್ತೀರಿ. ಅಲ್ಲಿ ಒಂದು ಊರಿದೆ. ಯಾವುದೆಂದು ನಿನಗೆ ಗೊತ್ತು, ನಿನಗೆ ಗೊತ್ತಿದೆ ಅನ್ನುವುದು ನನಗೂ ಗೊತ್ತು. ಅಲ್ಲಿಗೆ ಹೋಗಬೇಡ. ಮೊದಲ ಯುದ್ಧ ಮುಗಿದಾಗ ಆ ದೇಶದವರು ಹಸಿದ ಮಕ್ಕಳನ್ನು ರೈಲು ತುಂಬಿಸಿ ನಮ್ಮಲ್ಲಿಗೆ ಕಳಿಸಿದರು. ಅದರಲ್ಲಿ ಒಂದನ್ನು ಮೂರು ವರ್ಷ ಈ ಮನೆಯಲ್ಲಿ ಸಾಕಿದೆವು. ಎರಡನೇ ಯುದ್ಧದಲ್ಲಿ ಅದೇ ಜನ ಬಂದು ನನ್ನ ಮಗನನ್ನು ಲಾರಿಗೆ ಹತ್ತಿಸಿದರು. ಲೆಕ್ಕ ಅಲ್ಲಿಗೆ ಮುಗಿಯಿತು. ಆ ಹೆಸರು ಹದಿಮೂರು ವರ್ಷದಿಂದ ಈ ಮನೆಯಲ್ಲಿ ಇಲ್ಲ, ಇನ್ನು ಮುಂದೆಯೂ ಬೇಡ.

ಬೆಚ್ಚಗೆ ಹೊದ್ದುಕೋ. ಬೆಟ್ಟದ ಗಾಳಿ ನಮ್ಮ ಗಾಳಿಯ ಹಾಗಲ್ಲ, ಕೆಲಸಕ್ಕೂ ಬರುವುದಿಲ್ಲ ಎಂದು ಕೇಳಿದ್ದೇನೆ.

ಅಜ್ಜ


ಝಿಲ್ಲರ್ ಕಣಿವೆ, ಟಿರೋಲ್
ಗುರುವಾರ, ೧೮ ಸೆಪ್ಟೆಂಬರ್

ಪ್ರೀತಿಯ ಅಜ್ಜ, ಅಜ್ಜಿ,

ನಿಮ್ಮ ಕಾಗದ ಇನ್ನೂ ಬಂದಿಲ್ಲ. ಬೈಗುಳ ಬೆಟ್ಟ ಹತ್ತಲು ಸಮಯ ಬೇಕೇನೋ.

ಇಲ್ಲಿ ಜನ ಹೇಗೆ ಬದುಕುತ್ತಾರೋ ನನಗೆ ತಿಳಿಯುತ್ತಿಲ್ಲ. ನಾಲ್ಕು ಗಂಟೆಗೇ ಸೂರ್ಯ ಬೆಟ್ಟದ ಹಿಂದೆ ಹೋಗಿಬಿಡುತ್ತಾನೆ, ಬಾವಿಯೊಳಗೆ ನಿಂತು ಆಕಾಶ ನೋಡಿದ ಹಾಗಾಗುತ್ತದೆ. ನಿನ್ನೆ ಕಣಿವೆಗೆ ಇಳಿಯುವ ತಿರುವುಗಳಲ್ಲಿ ಬಸ್ಸಿನ ಹಿಂಭಾಗ ಗಾಳಿಯಲ್ಲಿ ತೇಲುತ್ತಿತ್ತು. ಹಾಡು ನಿಂತಿತು. ಬೋಸ್ಮಾ ಮೇಷ್ಟ್ರು ಎದ್ದು, ಚರ್ಚಿನಲ್ಲಿ ಪ್ರವಚನ ಉದ್ದವಾದಾಗ ಹಂಚುತ್ತಾರಲ್ಲ, ಹಾಗೆ ಎಲ್ಲರಿಗೂ ಒಂದೊಂದು ಪೆಪ್ಪರ್‌ಮಿಂಟು ಹಂಚಿದರು. ಟೋನ್ ಮಾತ್ರ ಹಿಂದಕ್ಕೆ ತಿರುಗಿ, “ನಮ್ಮೂರಲ್ಲಿ ನಾನು ಹತ್ತಿದ ದೊಡ್ಡ ಬೆಟ್ಟ ಅಂದ್ರೆ ಸೇತುವೆ ಕಣ್ರೋ” ಅಂದ. ಮುಂದೆ ನೋಡಿಕೊಂಡು ಓಡಿಸು ಎಂದು ಮೂವತ್ತೊಂದು ಜನ ಒಟ್ಟಿಗೆ ಕೂಗಿದೆವು.

ಇವತ್ತು ಒಂದು ಸಣ್ಣ ಊರಲ್ಲಿ ಚಕ್ರ ಪಂಕ್ಚರ್ ಆಗಿ ಒಂದು ಗಂಟೆ ನಿಂತೆವು. ಊರಿನ ಹೆಸರು ಹಿಂಟರ್‌ಬಾಖ್. ಈ ವಾರ ಬೇಸಿಗೆ ಮುಗಿಸಿ ಹಸುಗಳು ಮೇಲಿನ ಹುಲ್ಲುಗಾವಲಿಂದ ಮನೆಗೆ ಇಳಿಯುವ ಹಬ್ಬ, ಹಸುಗಳ ತಲೆಗೆ ಹೂವಿನ ಕಿರೀಟ ಕಟ್ಟಿರುತ್ತಾರೆ ಎಂದು ಮೇಷ್ಟ್ರು ಆಸೆ ಹಚ್ಚಿದ್ದರು. ಮೊದಲು ಬಂದ ಮಂದೆಗೆ ಹಾಗೇ ಕಟ್ಟಿದ್ದರು, ಮದುವೆ ಮೆರವಣಿಗೆಯೇ ಸರಿ. ಆಮೇಲೆ ಊರ ಕೊನೆಯ ಮನೆಯ ಹಸುಗಳು ಬಂದವು. ಗೋಡೆಯ ಮೇಲೆ ‘ಲಾನರ್’ ಎಂದು ಬರೆದಿತ್ತು, ಸುಮ್ಮನೆ ಹೇಳುತ್ತಿದ್ದೇನೆ, ನಿಮಗೇನೂ ಅಲ್ಲ. ಹದಿನಾಲ್ಕು ಹಸು, ಕೊರಳಲ್ಲಿ ಗಂಟೆ ಬಿಟ್ಟರೆ ಮೈಮೇಲೆ ಒಂದು ಎಸಳೂ ಇಲ್ಲ. ಜೊತೆಗೆ ಒಬ್ಬ ಮುದುಕ, ಇಬ್ಬರು ಆಳುಗಳು, ಯಾರೂ ಹಾಡುತ್ತಿರಲಿಲ್ಲ. ದಾರಿಯಲ್ಲಿ ನಿಂತವರೂ ಮಾತು ನಿಲ್ಲಿಸಿದರು. “ಎಂಥ ಜಿಪುಣರೇ” ಅಂದಳು ಕೋರಿ. ನನಗೂ ಹಾಗೇ ಅನ್ನಿಸಿತು. ನೀರು ಕೇಳೋಣವೆಂದು ಆ ಮನೆಯ ಬಾಗಿಲು ಬಡಿದೆ, ಹೆಂಗಸರು ಯಾರೂ ಇದ್ದ ಹಾಗೆ ಕಾಣಲಿಲ್ಲ. ಅಷ್ಟರಲ್ಲಿ ಸೀಟಿ ಊದಿದರು.

ಊಟಕ್ಕೆ ಇಲ್ಲಿ ರೊಟ್ಟಿ ಮುದ್ದೆ ಮಾಡಿ ಉಂಡೆ ಕಟ್ಟಿ ಸಾರಿನಲ್ಲಿ ಮುಳುಗಿಸಿ ಕೊಡುತ್ತಾರೆ. ಎರಡು ತಿಂದರೆ ಬಸ್ಸು ಹತ್ತಲಾಗುವುದಿಲ್ಲ. ನಾನು ಮೂರು ತಿಂದೆ. ನಾಡಿದ್ದು ವೆನಿಸ್‌ಗೆ ಹೊರಡುತ್ತೇವೆ.

ಯಾನೆಕೆ


ಗಿರಣಿ
ಭಾನುವಾರ, ೨೧ ಸೆಪ್ಟೆಂಬರ್

ಯಾನೆಕೆ,

ಇದನ್ನು ಒಬ್ಬಳೇ ಇರುವಾಗ ಓದು. ವೆನಿಸ್‌ನ ಹೋಟೆಲಿಗೆ ಕಳಿಸುತ್ತಿದ್ದೇನೆ, ಅಲ್ಲಿ ನೀವು ಇಪ್ಪತ್ತೈದರ ಬೆಳಿಗ್ಗೆವರೆಗೆ ಇರುತ್ತೀರೆಂದು ಪಟ್ಟಿ ಹೇಳುತ್ತದೆ.

ನಿನ್ನ ಕಾಗದ ನಿನ್ನೆ ಬಂತು. ಅಜ್ಜಿಗೆ ಓದುತ್ತ ಪೆಪ್ಪರ್‌ಮಿಂಟಿನ ಹತ್ತಿರ ಇಬ್ಬರೂ ನಕ್ಕೆವು. ಮುಂದಿನ ಸಾಲಿನಲ್ಲಿ ಊರಿನ ಹೆಸರು ಬಂತು, ಕಣ್ಣು ಅದರ ಕೆಳಗೆ ಓಡಿತು, ಓದು ನಿಂತಿತು. “ಮುಂದೆ?” ಅಂದಳು. “ಮುಂದೆ ಊಟದ ವಿಷಯ” ಎಂದು ರೊಟ್ಟಿಯ ಉಂಡೆಗೆ ಹಾರಿದೆ. ನಲವತ್ತೇಳು ವರ್ಷ ಜೊತೆಗೆ ಬಾಳಿದ್ದೇವೆ, ಇಷ್ಟು ದೊಡ್ಡ ಸುಳ್ಳು ನಾನು ಅವಳಿಗೆ ಹೇಳಿದ್ದಿಲ್ಲ.

ಅವರು ಜಿಪುಣರಲ್ಲ ಮಗು.

ಬುರ್ಗಿ ಬಂದಾಗ ಅವಳಿಗೆ ಆರು ವರ್ಷ, ನಿನ್ನ ಅಪ್ಪ ಮಾರ್ಟನ್‌ಗೆ ಏಳು. ರೈಲು ನಿಲ್ದಾಣದಲ್ಲಿ ಕೊರಳಿಗೆ ಚೀಟಿ ಕಟ್ಟಿಕೊಂಡು ನಿಂತಿದ್ದಳು, ಕಾಲಿಗೆ ಚಿಂದಿ ಸುತ್ತಿತ್ತು. ಅಟ್ಟದಲ್ಲಿದ್ದ ಆ ಮೆಟ್ಟು ಅವಳಿಗೆಂದು ನಾನೇ ಕೆತ್ತಿದ್ದು. ಆ ವರ್ಷವೇ ನನ್ನ ಅಮ್ಮ ತೀರಿಕೊಂಡಳು. ನಾನು ರೆಕ್ಕೆಯನ್ನು ನೆತ್ತಿ ದಾಟಿಸಿ ನಿಲ್ಲಿಸಿದಾಗ ಆ ಮಗು ನನ್ನ ಪಕ್ಕ ನಿಂತು ಯಾಕೆ ಎಂದು ಕೇಳಿತು. ಹೇಳಿದೆ. ಅದಕ್ಕೆ ಅವಳು, “ನಮ್ಮೂರಲ್ಲಿ ಹಸುಗಳು ಹೇಳ್ತವೆ. ನಮ್ಮಪ್ಪ ಯುದ್ಧದಲ್ಲಿ ಸತ್ತ ವರ್ಷ ಹಸುಗಳು ಹೂವಿಲ್ದೆ ಇಳಿದ್ವು” ಅಂದಳು. ಅಂದಿನಿಂದ ಅವಳು ನನ್ನನ್ನು ಅಪ್ಪ ಎಂದು ಕರೆಯಲು ಶುರುಮಾಡಿದಳು. ನಾನು ಬೇಡ ಅನ್ನಲಿಲ್ಲ.

ಅವಳು ಲಾನರ್ ಮನೆಯ ಸೊಸೆ. ಆ ಹೆಸರನ್ನು ನಾನು ಏಳು ಲಕೋಟೆಗಳ ಹಿಂದೆ ಓದಿದ್ದೇನೆ. ಯುದ್ಧ ಮುಗಿದ ಮೇಲೆ ವರ್ಷಕ್ಕೊಂದರಂತೆ ಏಳು ಕಾಗದ ಬರೆದಳು. ಒಂದನ್ನೂ ಒಡೆಯಲಿಲ್ಲ. ಎಸೆಯಲೂ ಕೈ ಬರಲಿಲ್ಲ. ಹಿಟ್ಟಿನ ಹಳೇ ಮರಿಗೆಯೊಳಗೆ ಮೂಟೆಗಳ ಕೆಳಗೆ ಇಟ್ಟಿದ್ದೇನೆ. ನಿನ್ನ ಅಜ್ಜಿಗೆ ನಾಲ್ಕು ಬಂದದ್ದು ಗೊತ್ತು, ಉಳಿದ ಮೂರು ಗೊತ್ತಿಲ್ಲ. ಆ ದೇಶದ ಮೇಲಿನ ಸಿಟ್ಟನ್ನು ಯಾರ ಮೇಲೆ ಹಾಕಲಿ ಎಂದು ಹುಡುಕುತ್ತಿದ್ದೆ, ನನ್ನ ಕೈಗೆ ಎಟುಕುವಷ್ಟು ಹತ್ತಿರ ಇದ್ದವಳು ಅವಳೊಬ್ಬಳೇ. ಅದಕ್ಕೆ ಅವಳ ಮೇಲೆ ಹಾಕಿದೆ. ಏಳು ವರ್ಷ ಆದ ಮೇಲೆ ಕಾಗದ ನಿಂತಿತು. ಎಂಟನೆಯದು ಬಂದರೆ ಒಡೆಯುತ್ತೇನೆ ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದೆ, ಬರಲೇ ಇಲ್ಲ.

ಈಗ ಹಸುಗಳು ಹೂವಿಲ್ಲದೆ ಇಳಿದಿವೆ, ಮನೆಯಲ್ಲಿ ಹೆಂಗಸರಿಲ್ಲ.

ಹಿಂದಿರುಗುವಾಗ ನಿಮ್ಮ ಬಸ್ಸು ಅದೇ ದೇಶ ದಾಟಬೇಕು. ಹೇಗಾದರೂ ಮಾಡಿ ಆ ಊರಿಗೆ ಹೋಗು. ಯಾವಾಗ ಹೋದಳು, ಏನಾಗಿತ್ತು, ಮಕ್ಕಳಿದ್ದಾರಾ, ಎಲ್ಲಿ ಮಣ್ಣು ಮಾಡಿದ್ದಾರೆ, ಕೇಳಿಕೊಂಡು ಬಾ. ನಾನು ತಂತಿ ಕೊಡಬಹುದಿತ್ತು. ಅಂಚೆಮನೆಯವರೆಗೂ ಹೋಗಿದ್ದೆ. ಉತ್ತರ ನಾಳೆಯೇ ಬಂದುಬಿಟ್ಟರೆ ಏನು ಗತಿ ಎಂದು ಹೆದರಿ ವಾಪಸು ಬಂದೆ. ಕಾಗದವಾದರೆ ಇನ್ನೂ ನಾಲ್ಕಾರು ದಿನ ಸಿಗುತ್ತದೆ.

ನಿನ್ನೆ ಸಂಜೆ ಬೀಸುವ ಕೆಲಸ ನಿಲ್ಲಿಸಿ ರೆಕ್ಕೆಯನ್ನು ನೆತ್ತಿ ದಾಟಿಸಿದೆ. ಅಜ್ಜಿಗೆ ಕಾಣುವುದಿಲ್ಲವಲ್ಲ. ಕತ್ತಲಾಗುವ ಮುಂಚೆ ಡಿರ್ಕ್ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದ. ಯಾರು ಎಂದು ಕೇಳಿದ. ದೂರದ ನೆಂಟರು ಅನ್ನಬೇಕೆಂದಿದ್ದೆ, ಬಾಯಿಯಿಂದ “ನನ್ನ ಮಗಳು” ಎಂದು ಬಂತು. ನನಗೆ ಮಗಳಿಲ್ಲವೆಂದು ಅವನಿಗೆ ಗೊತ್ತು. ಪಕ್ಕದಲ್ಲಿ ಕೂತು ಒಂದು ಪೈಪು ಸೇದಿ ಎದ್ದುಹೋದ.

ಅಜ್ಜಿಗೆ ಇದರ ಬಗ್ಗೆ ಒಂದು ಅಕ್ಷರ ಬರೆಯಬೇಡ.

ಅಜ್ಜ


ವೆನಿಸ್
ಸೋಮವಾರ, ೨೨ ಸೆಪ್ಟೆಂಬರ್

ಪ್ರೀತಿಯ ಅಜ್ಜ, ಅಜ್ಜಿ,

ಹದಿನಾರನೇ ತಾರೀಖಿನ ಬೈಗುಳ ಬೆಟ್ಟದ ಹೋಟೆಲಿನಲ್ಲಿ ಹೊರಡುವ ದಿನ ಸಿಕ್ಕಿತು. ಆ ಊರಿನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಬಾಯಿ ಬಿಗಿದುಕೊಂಡು ಕೂರುವುದನ್ನು ಯಾರಿಂದ ಕಲಿತೆ ಎಂದು ಕೇಳಬೇಡ. ಇಲಿಯ ಬಗ್ಗೆಯೂ ಏನೂ ಹೇಳುವುದಿಲ್ಲ.

ಇಲ್ಲಿ ಬೀದಿಯೆಲ್ಲ ನೀರು ಎಂದು ಬಸ್ಸಿನವರೆಲ್ಲರೂ ಬಾಯಿ ಬಿಡುತ್ತಿದ್ದಾರೆ, ನಾನು ಮಾತ್ರ ತಲೆ ಕೆಡಿಸಿಕೊಂಡಿಲ್ಲ. ನಮ್ಮ ಹಿತ್ತಲಿನ ಕಾಲುವೆಯ ಆಗಸ್ಟ್ ತಿಂಗಳ ವಾಸನೆಯೇ ಇಲ್ಲೂ, ಬಾತುಕೋಳಿಯೊಂದು ಇಲ್ಲ. ದೋಣಿಯವನು ಹಿಂದೆ ನಿಂತು ಒಂದೇ ಹುಟ್ಟು ಹಾಕುತ್ತಾನೆ, ದೋಣಿ ಮುಂದೆ ಹೋಗುವುದಕ್ಕಿಂತ ಅವನ ಬಾಯಿ ಮುಂದೆ ಹೋಗುತ್ತದೆ. ನಾನೂ ಒಂದು ಸಲ ಕೊಡು ಎಂದು ಸನ್ನೆ ಮಾಡಿದೆ. ನಕ್ಕ. ಗೋಧಿ ಮೂಟೆ ಹೇರಿದ ದೋಣಿಯನ್ನು ಹತ್ತು ವರ್ಷದಿಂದ ನಡೆಸಿದವಳು ಎಂದು ಅವನಿಗೆ ಹೇಗೆ ಗೊತ್ತು? ಕೊಟ್ಟ. ಸೇತುವೆಯ ಕೆಳಗೆ ಗೋಡೆಗೆ ತಾಗದೆ ತಿರುಗಿಸಿದೆ. ಮೇಷ್ಟ್ರು ದಂಡೆಯಲ್ಲಿ ನಿಂತು ಸೀಟಿ ಊದುತ್ತಲೇ ಇದ್ದರು, ದೋಣಿಯವನು ಟೊಪ್ಪಿಗೆ ತೆಗೆದು ನನ್ನ ತಲೆಗೆ ಇಟ್ಟ. ಅಜ್ಜಿ, ಅವನಿಗೆ ಐವತ್ತು ವರ್ಷ, ಹಲ್ಲಿಲ್ಲ, ಹೆದರಬೇಡ.

ನಾನು ಬಹಳ ಖುಷಿಯಾಗಿದ್ದೇನೆ. ನೀವಿಬ್ಬರೂ ಹೇಗಿದ್ದೀರಿ? ರೆಕ್ಕೆಗಳು ತಿರುಗುತ್ತಿವೆಯಾ?

ಯಾನೆಕೆ


ವೆನಿಸ್
ಬುಧವಾರ, ೨೪ ಸೆಪ್ಟೆಂಬರ್

ಅಜ್ಜ,

ನಿನ್ನ ಕಾಗದ ಇವತ್ತು ಸಂಜೆ ಬಂತು. ಹೋಟೆಲಿನ ಮೆಟ್ಟಿಲ ಮೇಲೆ ಕೂತು ಎರಡು ಸಲ ಓದಿದೆ.

ಮೊದಲು ನನ್ನ ಸುಳ್ಳು ಹೇಳಿಬಿಡುತ್ತೇನೆ. ಚಕ್ರ ಪಂಕ್ಚರ್ ಆಗಿರಲಿಲ್ಲ. ಹಸು ನೋಡಲು ಆ ಊರಿಗೇ ಹೋಗೋಣ ಎಂದು ಮೇಷ್ಟ್ರನ್ನು ನಾನೇ ಕಾಡಿ ಒಪ್ಪಿಸಿದ್ದೆ. ಮೆಟ್ಟು ನನ್ನ ಪೆಟ್ಟಿಗೆಯಲ್ಲಿದೆ. ಅಜ್ಜಿ ಕೊಡುವಾಗ, “ನಿನ್ನಜ್ಜ ಕಲ್ಲಲ್ಲ ಕಣೇ, ಕಲ್ಲಾಗಿದ್ರೆ ನಾನು ಯಾವಾಗ್ಲೋ ಸುಮ್ನಾಗ್ತಿದ್ದೆ” ಅಂದಿದ್ದಳು. ಬಾಗಿಲು ತೆರೆಯದಿದ್ದಾಗ ಇನ್ನೊಂದು ಸಲ ಬಡಿಯಬೇಕಿತ್ತು. ಸೀಟಿಗೆ ಹೆದರಿ ಓಡಿಬಂದೆ. ಆ ಹಸುಗಳನ್ನು ಜಿಪುಣರ ಹಸು ಅಂದೆನಲ್ಲ, ಅದನ್ನು ನೆನೆದರೆ ಎಲ್ಲಾದರೂ ಮುಖ ಮುಚ್ಚಿಕೊಳ್ಳೋಣ ಅನ್ನಿಸುತ್ತದೆ.

ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ನಾಳೆ ಹಿಂದಿರುಗುವ ದಾರಿಯ ಸರೋವರದಲ್ಲಿ ಹಡಗಿನ ವಿಹಾರ ಇತ್ತು, ಎರಡು ತಿಂಗಳಿಂದ ಎಲ್ಲರೂ ಅದಕ್ಕೇ ಕಾದಿದ್ದರು. ಅದನ್ನು ಬಿಟ್ಟರೆ ಮಾತ್ರ ಹಿಂಟರ್‌ಬಾಖ್ ಮುಟ್ಟಬಹುದು. ಮೇಷ್ಟ್ರು ಕನ್ನಡಕ ಒರೆಸಿಕೊಂಡು, ಯಾರಿಗೆ ಒಪ್ಪಿಗೆ ಇಲ್ಲವೋ ಅವರು ಕೈ ಎತ್ತಿ ಅಂದರು. ಯಾರೂ ಎತ್ತಲಿಲ್ಲ. ಕೋರಿಗೆ ಅದೂ ಸಾಲದೆ, ಪಕ್ಕದ ಹುಡುಗನ ಕೈ ತಲೆ ಕೆರೆಯಲು ಏಳುತ್ತಿದ್ದುದನ್ನೂ ಹಿಡಿದು ಕೆಳಗೆ ಎಳೆದಳು. ಟೋನ್ ಆಗಲೇ ಎದ್ದು ಟ್ಯಾಂಕಿಗೆ ಎಣ್ಣೆ ಹಾಕಿಸಲು ಹೋಗಿದ್ದ.

ರೆಕ್ಕೆಗಳನ್ನು ಹಾಗೇ ಇಟ್ಟಿರು. ಅಜ್ಜಿಯ ಪಕ್ಕದಲ್ಲಿ ಇರು.

ಯಾನೆಕೆ


ಲಾನರ್ ಮನೆ, ಹಿಂಟರ್‌ಬಾಖ್
ಶುಕ್ರವಾರ, ೨೬ ಸೆಪ್ಟೆಂಬರ್

ಅಜ್ಜ,

ಬದುಕಿದ್ದಾಳೆ. ಬುರ್ಗಿ ಅತ್ತೆ ಬದುಕಿದ್ದಾಳೆ. ಮೊದಲು ಇಷ್ಟನ್ನು ಅಜ್ಜಿಗೆ ಓದಿ ಹೇಳಿ ಆಮೇಲೆ ಮುಂದಕ್ಕೆ ಹೋಗು. ಈಗ ಒಂದು ಸಾಲೂ ಹಾರಿಸುವಂತಿಲ್ಲ.

ನಿನ್ನೆ ಸಂಜೆ ಬಂದು ಮುಟ್ಟಿದೆವು. ಎಲ್ಲರೂ ಬಸ್ಸಿನಲ್ಲೇ ಕೂತರು, ನಾನು ಮೆಟ್ಟನ್ನು ಎದೆಗೆ ಅವುಚಿಕೊಂಡು ಬಾಗಿಲಿಗೆ ಹೋದೆ. ತೆರೆದವಳು ಎತ್ತರದ ಹೆಂಗಸು, ತಲೆಗೆ ನೀಲಿ ಬಟ್ಟೆ, ಮೊಳಕೈವರೆಗೆ ಹಾಲು. ನನ್ನ ಮುಖ ನೋಡಲಿಲ್ಲ, ಮೆಟ್ಟು ನೋಡಿದಳು. ನೋಡಿ ಹಾಗೇ ಹೊಸ್ತಿಲ ಮೇಲೆ ಕೂತು, ನಮ್ಮ ಮಾತಿನಲ್ಲಿ ಕೇಳಿದಳು:

“ಯಾವಾಗ ಹೋದ್ರು?”

ಯಾರು ಎಂದೆ.

“ಅಪ್ಪ. ಅದಕ್ಕೇ ಅಲ್ವಾ ಇದನ್ನ ವಾಪಸ್ ಕಳ್ಸಿರೋದು.”

ಅಜ್ಜ, ನೀನು ಅಲ್ಲಿ ಅವಳು ಸತ್ತಳೆಂದು ಅಳುತ್ತಿದ್ದೀಯ, ಅವಳು ಇಲ್ಲಿ ನೀನು ಸತ್ತೆಯೆಂದು. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. “ಇದಾನೆ, ಗಟ್ಟಿಯಾಗಿದಾನೆ, ಮೇಕೆ ಎತ್ತುತ್ತಾನೆ” ಎಂದು ಏನೇನೋ ಅಂದೆ. ಅವಳು ಆ ಮೆಟ್ಟಿನೊಳಗೆ ಕೈ ತೂರಿಸಿಕೊಂಡು ಅತ್ತಳು. ಬಸ್ಸಿನಲ್ಲಿ ಕೋರಿಯೂ ಅಳುತ್ತಿದ್ದಳಂತೆ, ನಮ್ಮ ಒಂದು ಮಾತೂ ಅವಳಿಗೆ ಕೇಳಿಸುವಂತಿರಲಿಲ್ಲ.

ಅವಳ ಮಾತು ಕೇಳಬೇಕು ನೀನು. ಒಂಬತ್ತು ವರ್ಷಕ್ಕೆ ಇಲ್ಲಿಗೆ ವಾಪಸು ಬಂದಳಲ್ಲ, ಅವಳ ಬಾಯಲ್ಲಿ ನಮ್ಮ ಭಾಷೆ ಅಲ್ಲಿಗೇ ನಿಂತಿದೆ. ನಲವತ್ತನಾಲ್ಕರ ಹೆಂಗಸು, ಮೂರು ಮಕ್ಕಳ ತಾಯಿ, ಚಿಕ್ಕ ಹುಡುಗಿಯ ಹಾಗೆ ಮಾತಾಡುತ್ತಾಳೆ. ಮೂವತ್ತೊಂದು ಜನರನ್ನೂ ಒಳಗೆ ಕರೆದು, “ಕೈ ತೊಳ್ಕೊಂಡು ಬನ್ನಿ, ಇಲ್ದಿದ್ರೆ ರೊಟ್ಟಿ ಇಲ್ಲ” ಅಂದಳು. ಅದು ಅಜ್ಜಿಯ ಮಾತು, ಅಜ್ಜಿಯದೇ ರಾಗ. ಬೋಸ್ಮಾ ಮೇಷ್ಟ್ರು ಮೊದಲು ಎದ್ದು ಕೈ ತೊಳೆದರು.

ಇನ್ನು ಹಸುಗಳ ವಿಷಯ. ಆಗಸ್ಟಿನಲ್ಲಿ ಸಿಡಿಲು ಬಡಿದು ಮೇಲಿನ ಹುಲ್ಲುಗಾವಲಿನಲ್ಲಿ ಒಂದು ಹಸು ಸತ್ತಿತು. ಇಲ್ಲಿ ಮನೆಯವರು ಹೋದರೂ ಅಷ್ಟೇ, ಹಸು ಹೋದರೂ ಅಷ್ಟೇ, ಆ ವರ್ಷ ಮಂದೆಗೆ ಹೂವಿಲ್ಲ. ನಿನಗೆ ಗೊತ್ತಿದ್ದದ್ದು ಅರ್ಧ, ಆರು ವರ್ಷದ ಮಗು ಹೇಳಿದಷ್ಟು. ಅವಳು ಅವತ್ತು ಮೇಲಿನ ಗುಡಿಸಲಿನಲ್ಲಿ ಚೀಸಿನ ಗಡ್ಡೆಗಳನ್ನು ಕಟ್ಟುತ್ತಿದ್ದಳು, ಅದಕ್ಕೇ ಮನೆಯಲ್ಲಿ ಹೆಂಗಸರಿರಲಿಲ್ಲ. ಸತ್ತ ಹಸುವಿನ ಹೆಸರು ಹೇಳಲು ಅವಳಿಗೆ ನಾಚಿಕೆ. ನಾನೇ ಹೇಳುತ್ತೇನೆ: ಗ್ರೀತ್ಯೆ. ಅಜ್ಜಿಯ ಹೆಸರು. ಮಂದೆಯಲ್ಲಿ ಅದರಷ್ಟು ಹಾಲು ಕೊಡುವುದು ಇನ್ನೊಂದಿರಲಿಲ್ಲವಂತೆ, ಅದರಷ್ಟು ಹಟವೂ.

ಹಸು ಸತ್ತರೂ ಹೂವಿಲ್ಲ ಅನ್ನುವುದನ್ನು ಅವಳು ನಿನಗೆ ಏಳನೇ ಕಾಗದದಲ್ಲಿ ಬರೆದಿದ್ದಳಂತೆ, ಆ ವರ್ಷ ಒಂದು ಕಡಸು ಕಮರಿಗೆ ಬಿದ್ದಿತ್ತು. ಅವು ಒಡೆಯದೆ ಇವೆ ಎಂದು ನಾನು ಹೇಳಬೇಕಾಯಿತು. ಕೋಪ ಮಾಡಿಕೊಳ್ಳಲಿಲ್ಲ. ಒಲೆಗೆ ಸೌದೆ ಒಡ್ಡಿ, ಮೊದಲನೆಯದನ್ನೂ ಓದಲಿಲ್ಲವಾ ಎಂದು ಕೇಳಿದಳು. ಇಲ್ಲ ಎಂದೆ. “ಹಾಗಾದ್ರೆ ಅದನ್ನೇ ಮೊದ್ಲು ಒಡೀಬೇಕು ಅಂತ ಅಪ್ಪಂಗೆ ಬರಿ. ಅಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು ಓದ್ಲಿ” ಅಂದಳು. ಅದರಲ್ಲೇನಿದೆ ಎಂದು ನನಗೆ ಹೇಳಲಿಲ್ಲ.

ಬಸ್ಸು ಇವತ್ತು ಬೆಳಿಗ್ಗೆ ಹೊರಟುಹೋಯಿತು. ನಾನು ಹತ್ತಲಿಲ್ಲ. ಮೇಷ್ಟ್ರು ಸೀಟಿ ಊದಿ ಎಣಿಸಿದರು, ಒಂದು ಕಡಿಮೆ ಬಂತು, ಈ ಸಲ ಸರಿಯಾಗಿಯೇ ಕಡಿಮೆ ಬಂತು. ಆಲೂಗಡ್ಡೆ ಕೀಳುವುದು ಮುಗಿಯುವವರೆಗೆ ಎರಡು ವಾರ ಇಲ್ಲಿರುತ್ತೇನೆ. ನಿನಗೆ ಬರೆಯಬೇಕೆನಿಸಿದರೆ ಈ ವಿಳಾಸಕ್ಕೇ ಬರೆಯಬೇಕಾಗುತ್ತದೆ ಅಜ್ಜ. ಬೇರೆ ದಾರಿ ಇಲ್ಲ.

ಯಾನೆ‌ಕೆ


ಗಿರಣಿ
ಮಂಗಳವಾರ, ೩೦ ಸೆಪ್ಟೆಂಬರ್

ಯಾನೆಕೆ,

ನಿನ್ನ ಕಾಗದ ನಿನ್ನೆ ಬಂತು. ನಿಂತುಕೊಂಡೇ ಒಡೆದೆ, ಮೊದಲ ಸಾಲು ಓದಿ ಅಲ್ಲೇ ಮೂಟೆಯ ಮೇಲೆ ಕೂತೆ. ಆಮೇಲೆ ಅಡುಗೆಮನೆಗೆ ಹೋಗಿ, ಗ್ರೀತ್ಯೆ, ನಿನಗೊಂದು ವಿಷಯ ಹೇಳಬೇಕು, ಬುರ್ಗಿ ಬದುಕಿದ್ದಾಳೆ ಅಂದೆ. ನಿನ್ನ ಅಜ್ಜಿ ಕೈಯಲ್ಲಿದ್ದ ಚಾಕು ಕೆಳಗಿಟ್ಟು, ಹಾಗಾದರೆ ರೆಕ್ಕೆ ಯಾಕೆ ದಾಟಿಸಿದ್ದೆ ಎಂದು ಕೇಳಿದಳು.

ಅವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ರೆಕ್ಕೆ ಎಲ್ಲಿ ನಿಂತರೆ ಅಡುಗೆಮನೆಯ ಮೇಜಿನ ಮೇಲೆ ಬಿಸಿಲು ಎಲ್ಲಿ ಬೀಳುತ್ತದೆ ಎಂದು ನಲವತ್ತೇಳು ವರ್ಷ ಅಲ್ಲೇ ತರಕಾರಿ ಹೆಚ್ಚಿದವಳಿಗೆ ನಾನು ಹೇಳಿಕೊಡಬೇಕಾ? ಅಂಗೈ ಇಟ್ಟರೆ ಬಿಸಿಯಲ್ಲೇ ತಿಳಿಯುತ್ತದಂತೆ. ನಾನು ಕಾಗದದಲ್ಲಿ ಸಾಲು ಹಾರಿಸಿದ್ದೂ ಗೊತ್ತು. ಎರಡನ್ನೂ ಕೂಡಿಸಿ ಬುರ್ಗಿ ಹೋದಳು ಎಂದು ಅರ್ಥ ಮಾಡಿಕೊಂಡಿದ್ದಾಳೆ. ನಾನಾಗಿಯೇ ಹೇಳಲಿ ಎಂದು ಒಂಬತ್ತು ದಿನ ಒಬ್ಬಳೇ ನುಂಗಿಕೊಂಡು ನನಗೆ ಹೊತ್ತು ಹೊತ್ತಿಗೆ ಬಟಾಣಿ ಸಾರು ಬಡಿಸಿದ್ದಾಳೆ. ನಾವಿಬ್ಬರೂ ಒಂದೇ ಮೇಜಿಗೆ ಕೂತು ಒಂದೇ ದುಃಖವನ್ನು ಒಬ್ಬರಿಗೊಬ್ಬರು ಬಚ್ಚಿಟ್ಟೆವು. ಮುದುಕರಿಗೆ ಬುದ್ಧಿ ಇದೆ ಎಂದು ಯಾರು ಹೇಳಿದರೋ.

ಹಸುವಿನ ಹೆಸರು ಓದಿದಾಗ ನಿನ್ನ ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಅಂದ್ರೆ ಒಂಬತ್ತು ದಿನ ರೆಕ್ಕೆ ನಿಲ್ಸಿದ್ದು ನಂಗೇ ಅನ್ನು. ಸದ್ಯ, ಬದುಕಿರುವಾಗ್ಲೇ ಗೊತ್ತಾಯ್ತು” ಅಂದಳು.

ಆಮೇಲೆ ಮರಿಗೆಯಿಂದ ಏಳೂ ಕಾಗದ ತೆಗೆದೆ. ಹಿಟ್ಟು ಝಾಡಿಸಿದೆ. ಬುರ್ಗಿ ಹೇಳಿದ ಹಾಗೆ ನಿನ್ನ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲನೆಯದನ್ನು ಒಡೆದೆ. ಅದರಲ್ಲಿ ಇದ್ದದ್ದನ್ನು ನಿನಗೆ ನೇರವಾಗಿ ಹೇಳುತ್ತೇನೆ, ಅದು ನಿನ್ನ ಅಪ್ಪನದು.

ಮಾರ್ಟನ್‌ನನ್ನು ಬಲವಂತವಾಗಿ ದುಡಿಯಲು ಹಾಕಿದ್ದ ಕಾರ್ಖಾನೆ ಅವಳ ಊರಿನಿಂದ ಎರಡು ದಿನದ ದಾರಿ. ಅವನು ಹೇಗೋ ಅವಳಿಗೆ ಒಂದು ಚೀಟಿ ಮುಟ್ಟಿಸಿದ್ದ. ಚಳಿಗಾಲದಲ್ಲಿ, ಬಸುರಿ ಹೆಂಗಸು, ರೈಲು ಸಿಕ್ಕ ಕಡೆ ರೈಲು, ಇಲ್ಲದ ಕಡೆ ಕಾಲ್ನಡಿಗೆ, ರೊಟ್ಟಿ ಮತ್ತು ಎರಡು ಜೊತೆ ಉಣ್ಣೆಯ ಕಾಲುಚೀಲ ತೆಗೆದುಕೊಂಡು ಹೋಗಿದ್ದಾಳೆ. ಕಾವಲಿನವನ ಕಾಲು ಹಿಡಿದು ಬೇಲಿಯ ಹತ್ತಿರ ಅರ್ಧ ಗಂಟೆ ಅವನ ಜೊತೆ ಮಾತಾಡಿದ್ದಾಳೆ. ಆಗಲೇ ಅವನಿಗೆ ಜ್ವರ ಇತ್ತಂತೆ. ಆದರೂ ನಗುತ್ತಿದ್ದನಂತೆ. ನಿನ್ನ ಬಗ್ಗೆ ಹೇಳಿದ್ದಾನೆ: ಮಗಳಿಗೆ ಐದು ವರ್ಷ, ನನ್ನ ಹಾಗೆ ಹಟಮಾರಿ, ಅಪ್ಪ ಅವಳಿಗೆ ದೋಣಿ ನಡೆಸಲು ಕಲಿಸಲಿ. ನಾನು ಬರುವ ದಿನ ರೆಕ್ಕೆಯನ್ನು ನೆತ್ತಿಗಿಂತ ಮುಂಚೆ ನಿಲ್ಲಿಸಿರಲು ಹೇಳು, ಕಾಲುವೆಯ ತಿರುವಿನಲ್ಲೇ ಕಾಣುತ್ತದೆ ಅಂದಿದ್ದಾನೆ.

ಅವನು ಹಸಿದು ಒಬ್ಬನೇ ಸತ್ತ, ತನ್ನವರ ಮುಖ ನೋಡದೆ ಸತ್ತ ಎಂದು ಹದಿಮೂರು ವರ್ಷ ನಾನು ದಿನವೂ ಅಂದುಕೊಂಡೆ. ಅವನ ತಂಗಿ ಅವನ ಕೈ ಹಿಡಿದಿದ್ದಳು. ಆ ಸುದ್ದಿ ನನ್ನ ಮನೆಯ ಮರಿಗೆಯಲ್ಲೇ ಇತ್ತು, ಅದರ ಮೇಲೆ ನಾನು ಗೋಧಿ ಮೂಟೆ ಹೇರುತ್ತಿದ್ದೆ. ಇದಕ್ಕೆ ನಿನ್ನ ಅಜ್ಜಿ ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ಗೊತ್ತಿಲ್ಲ.  ಬೆಳಿಗ್ಗೆ ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದು, ರೆಕ್ಕೆ ತಿರುಗಿಸು ಅಂದಳು.

ತಿರುಗಿಸಿದ್ದೇನೆ. ಈಗ ಮೇಲಿನ ರೆಕ್ಕೆ ನೆತ್ತಿಗೆ ಇನ್ನೇನು ಬರಬೇಕು ಅನ್ನುವಲ್ಲಿ ನಿಂತಿದೆ. ನಿನಗೆ, ಅವಳಿಗೆ, ಮತ್ತು ತಡವಾಗಿಯಾದರೂ ಮಾರ್ಟನ್‌ಗೆ.

ಲಕೋಟೆಯ ಮೇಲೆ ವಿಳಾಸ ಬರೆಯಲು ಕೂತೆ. ಎರಡು ಲಕೋಟೆ ಹಾಳಾದವು. ಮೂರನೆಯದರಲ್ಲಿ ಅಕ್ಷರ ಸರಿಯಾಗಿ ಕೂತಿದೆ. ಕೆಳಗಿರುವುದನ್ನು ನೀನು ಅವಳಿಗೆ ಓದಬೇಡ. ಕಾಗದವನ್ನೇ ಅವಳ ಕೈಗೆ ಕೊಡು, ನಮ್ಮ ಅಕ್ಷರ ಮರೆತಿರಲಾರಳು, ನಾನೇ ಕಲಿಸಿದ್ದು.

ಬುರ್ಗಿ,

ನಿನ್ನ ಏಳು ಕಾಗದಕ್ಕೆ ಇದು ಉತ್ತರ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಆ ಮೆಟ್ಟು ಈಗ ನಿನ್ನ ಕಾಲಿಗೆ ಆಗುವುದಿಲ್ಲ. ಒಂದು ಹಾಳೆಯ ಮೇಲೆ ಪಾದ ಇಟ್ಟು ಸುತ್ತ ಗೆರೆ ಎಳೆದು ಯಾನೆಕೆಯ ಕೈಯಲ್ಲಿ ಕಳಿಸು, ಮರ ತಂದಿಟ್ಟಿದ್ದೇನೆ. ಅಮ್ಮನಿಗೆ ಕಣ್ಣು ಮಂಜಾಗಿದೆ, ನಿನ್ನ ದನಿ ಕೇಳಿದರೆ ಸಾಕು ಅನ್ನುತ್ತಾಳೆ.

ನೀನು ಬರಲೇಬೇಕು, ಬೇರೆ ಉಪಾಯವಿಲ್ಲ. ನೀನು ಸತ್ತೆ ಎಂದು ಊರಿಗೆಲ್ಲ ನಾನೇ ಸಾರಿಬಿಟ್ಟಿದ್ದೇನೆ. ಅಮ್ಮನಿಗೆ ತಿಳಿಯದ ಹಾಗೆ ಪಾದ್ರಿಗಳು ಬಂದು ಪ್ರಾರ್ಥನೆ ಮಾಡಿ ಹೋದರು, ಡಿರ್ಕ್‌ನ ಹೆಂಡತಿ ಕಡುಬು ತಂದುಕೊಟ್ಟಳು, ತಿಂದದ್ದೂ ಆಯಿತು. ನನ್ನ ಮಗಳು ಬದುಕಿದ್ದಾಳೆ ಎಂದರೆ ಈಗ ಯಾರೂ ನನ್ನ ಮಾತು ನಂಬುವುದಿಲ್ಲ. ನೀನೇ ಬಂದು ಕಾಲುವೆ ದಂಡೆಯ ಮೇಲೆ ನಡೆದು ತೋರಿಸು.

ನೀನು ಬರುವವರೆಗೂ ಮನೆ ಬಾಗಿಲಿಗೆ ಅಗಳಿ ಹಾಕುವುದಿಲ್ಲ.

ಅಪ್ಪ